ಕಾಳಿ ನಾಯಿಯ ಕಥೆ ಹೇಳೋರು ಯಾರು?

ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನದ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿ ಬಹಳ ಕಾಲವಾಯಿತು. 949ರ ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗನ ಕಡೆ ಕಾದಾಡಿದ ಮಣಲೇರನನ್ನು ದೊರೆ ಮೆಚ್ಚಿದಾಗ ಆತ ಕೇಳಿದ್ದು ಕಾಳಿ ಅನ್ನೋ ಬೇಟೆನಾಯಿಯನ್ನು! ಮುಂದೆ ಕಾಡುಹಂದಿಯೊಡನೆ ಹೋರಾಡಿ ಎರಡೂ ಸತ್ತವು. ಆ ನಾಯಿಗಾಗಿ ನಿಲ್ಲಿಸಿದ ಕಲ್ಲು ಅದು.

ಇಂಥ ಕಲ್ಲಿನ ಮುಂದೆ 'ವೀರಗಲ್ಲು, 10ನೇ ಶತಮಾನ' ಅಂತ ಚೀಟಿ ಅಂಟಿಸಿದರೆ ಸಾಕೇ ಸ್ವಾಮಿ? ಕಥೆ ಗೊತ್ತಿರುವವರು ಕಲಾ ಇತಿಹಾಸದಲ್ಲಿ ಪಿಎಚ್.ಡಿ. ಮಾಡುವ ಹುಡುಗ ಹುಡುಗಿಯರು. ವರ್ಷಗಟ್ಟಲೆ ಓದಿ, ದಪ್ಪ ಪ್ರಬಂಧಕ್ಕೆ ರಟ್ಟು ಹಾಕಿಸಿ, ಆಮೇಲೆ ಲೆಕ್ಚರರ್ ಕೆಲಸಕ್ಕೆ ಕಾಯ್ತಾ ಕೂರುತ್ತಾರೆ. ಮ್ಯೂಸಿಯಂ ಕೆಲಸವನ್ನು ಅವರಿಗೆ ಕಲಿಸಿದವರು ಯಾರು?

ಅದೂ ಒಂದು ಕಸುಬೇ. ಕಂಚಿನ ವಿಗ್ರಹವನ್ನು ತೋಳು ಹಿಡಿದು ಎತ್ತಬಾರದು, ಪೀಠಕ್ಕೆ ಕೈಕೊಟ್ಟು ಎತ್ತಬೇಕು. ಹಳೇ ಬಟ್ಟೆ, ಚಿತ್ರದ ಮೇಲೆ ಬಿಸಿಲು ಬೀಳಬಾರದು. ಎಲ್ಲಕ್ಕಿಂತ ಮುಖ್ಯ, ರಿಜಿಸ್ಟರು: ನಂಬರು, ಅಳತೆ, ಫೋಟೋ, ಎಲ್ಲಿಂದ ಬಂತು, ಎಲ್ಲಿ ಮುಕ್ಕಾಗಿದೆ. ಅಂಗಡಿ ಇಟ್ಟವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಸ್ಟಾಕ್ ಪುಸ್ತಕದಲ್ಲಿಲ್ಲದ ಮಾಲು ಕಳುವಾದರೆ ಠಾಣೆಯಲ್ಲಿ ಏನಂತ ಬರೆಸೋದು? ವಿಗ್ರಹದ ಪಾಡೂ ಅದೇ. ಅಳತೆ, ಫೋಟೋ ಇಲ್ಲದಿದ್ದರೆ ಪರದೇಶದಲ್ಲಿ ಸಿಕ್ಕರೂ ನಮ್ಮದೇ ಅಂತ ಸಾಧಿಸೋದು ಕಷ್ಟ.

ಬರೋಡಾದ ವಿಶ್ವವಿದ್ಯಾನಿಲಯದಲ್ಲಿ ಮ್ಯೂಸಿಯಂ ಶಾಸ್ತ್ರದ ಪಾಠ 1952ರಲ್ಲೇ ಶುರುವಾಯಿತು. ದೆಹಲಿಯ ನ್ಯಾಷನಲ್ ಮ್ಯೂಸಿಯಂ ಜತೆಗೆ 1989ರಲ್ಲಿ ಒಂದು ಸಂಸ್ಥೆಯನ್ನೇ ಕಟ್ಟಿ ಕಲಾ ಇತಿಹಾಸ, ಸಂರಕ್ಷಣೆ, ಮ್ಯೂಸಿಯಂ ಕೆಲಸ ಮೂರನ್ನೂ ಒಂದೇ ಸೂರಿನಡಿ ಕಲಿಸಿದರು. ನಮ್ಮ ಹುಡುಗರೆಲ್ಲ ಅಷ್ಟು ದೂರ ಹೋಗೋಕಾಗುತ್ತಾ?

ಹೋಗಬೇಕಾಗಿಯೂ ಇಲ್ಲ. ಪಿಎಚ್.ಡಿ. ವಿದ್ಯಾರ್ಥಿಗಳು ಪಾಠ ಹೇಳುವ ತರಬೇತಿ ಪಡೆಯಲೇಬೇಕು, ವಾರಕ್ಕೆ 4ರಿಂದ 6 ಗಂಟೆ ಇಂಥ ಕೆಲಸ ಕೊಡಬಹುದು ಅಂತ 2022ರ ಯುಜಿಸಿ ನಿಯಮವೇ ಇದೆ. ಕಲಾ ಇತಿಹಾಸದವರಿಗೆ ಆ ಗಂಟೆಗಳನ್ನು ಮ್ಯೂಸಿಯಂನಲ್ಲಿ ಕೊಡಿ. ಮೈಸೂರು ವಿಶ್ವವಿದ್ಯಾನಿಲಯಕ್ಕೆ 1968ರಿಂದ ತನ್ನದೇ ಜಾನಪದ ವಸ್ತುಸಂಗ್ರಹಾಲಯವಿದೆ. ಮೈಸೂರು ಬಸ್ಸಿನ ದಾರಿಯಲ್ಲೇ ಶ್ರೀರಂಗಪಟ್ಟಣದ ದರಿಯಾ ದೌಲತ್ ಇದೆ. ಗೋಡೆಯ ಮೇಲಿನ ಪೊಳ್ಳಿಲೂರು ಯುದ್ಧದಲ್ಲಿ ಪಲ್ಲಕ್ಕಿಯೊಳಗೆ ಕೂತ ಬಿಳಿಯ ಯಾರು ಅಂತ ಶಾಲೆ ಹುಡುಗ ಕೇಳಿದರೆ, ಕರ್ನಲ್ ಬೇಲಿ ಕಣಪ್ಪಾ, ಗಾಯಗೊಂಡು ಸೋತು ಕೂತಿದ್ದಾನೆ ಅನ್ನೋಕೆ ಒಬ್ಬರು ಬೇಡವೇ?

ಹಾಗಂತ ಪುಕ್ಕಟೆ ದುಡಿಸಿಕೊಳ್ಳಬೇಡಿ. ಬಸ್ ಚಾರ್ಜು, ಊಟದ ಖರ್ಚು, ಜತೆಗೆ ಒಂದಿಷ್ಟು ಗೌರವಧನ ಕೊಡಿ. ಕೆಲಸ ಕಲಿತವರಿಗೆ ನೇಮಕದಲ್ಲಿ ಮೊದಲ ಮಣೆ ಹಾಕ್ತೀವಿ ಅಂತ ಕಾಗದದ ಮೇಲೆ ಬರೆದುಕೊಡಿ. ಈ ಬಗ್ಗೆ ಬೆಂಗಳೂರಿಗೆ ಒಂದು ಪತ್ರ ಬರೆಯೋಕೆ ನಮ್ಮ ಶಾಸಕರಿಗೆ ಎಷ್ಟು ಹೊತ್ತು ಬೇಕು?