ಮನೆಯ ಪತ್ರಗಳು, ನಾಡಿನ ಚರಿತ್ರೆ

ಗ್ರಂಥಕರ್ತನು ಸಾಧಿಸಿದುದನ್ನು ಅವನ ಮುದ್ರಿತ ಗ್ರಂಥ ತಿಳಿಸುತ್ತದೆ. ಆ ಸಾಧನೆಯ ಹಿಂದಿನ ಸಂದೇಹ, ದಣಿವು, ಋಣ, ಸ್ನೇಹಗಳನ್ನು ತಿಳಿಸುವುದು ಅವನು ಆಪ್ತರಿಗೆ ಬರೆದ ಪತ್ರ. ಆದುದರಿಂದ ಸಾಹಿತ್ಯಚರಿತ್ರೆಯ ಆಧಾರಗಳಲ್ಲಿ ಖಾಸಗಿ ಪತ್ರವ್ಯವಹಾರಕ್ಕೆ ವಿಶೇಷವಾದ ಬೆಲೆಯುಂಟು.

ಹತ್ತೊಂಬತ್ತನೆಯ ಶತಮಾನದ ಕನ್ನಡದ ಮಟ್ಟಿಗೆ ಇದಕ್ಕೆ ಒಳ್ಳೆಯ ನಿದರ್ಶನ ದೂರದ ಸ್ವಿಟ್ಜರ್ಲೆಂಡಿನಲ್ಲಿದೆ. 1815ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ನು ಹೊರನಾಡುಗಳಿಗೆ ಕಳುಹಿಸಿದ ತನ್ನವರಿಂದ ನಿಯತವಾಗಿ ವರದಿಗಳನ್ನೂ ಪತ್ರಗಳನ್ನೂ ತರಿಸಿಕೊಂಡು ಜೋಪಾನಮಾಡಿತು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗ್, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಫರ್ಡಿನಂಡ್ ಕಿಟೆಲ್ ಇವರ ಪತ್ರಗಳು ಬಾಸೆಲ್ ನಗರದ ಪತ್ರಾಗಾರದಲ್ಲಿವೆ. 1853ರಲ್ಲಿ ಇಲ್ಲಿಗೆ ಬಂದ ತರುಣ ಕಿಟೆಲ್ ಈ ನಾಡಿನವರೊಡನೆ ಅವರಂತೆಯೇ ಬಾಳಬಯಸಿದುದು, ಅದು ಮಿಶನ್ನಿನವರಿಗೆ ಸರಿಬೀಳದೆ ಹೋದುದು ನಿಘಂಟಿನ ಪುಟಗಳಿಂದ ತಿಳಿಯದು. ಆ ಕಾಗದಗಳಿಂದ ತಿಳಿಯುತ್ತದೆ. ಹಳೆಯ ಜರ್ಮನ್ ಕೈಬರಹವನ್ನು ಓದಬಲ್ಲವರು ಇಂದು ಜರ್ಮನರಲ್ಲಿಯೂ ವಿರಳ. ಆದರೂ ಕಾಗದಗಳು ಉಳಿದಿದ್ದುದರಿಂದ ಓದುವವರು ಮುಂದೆ ದೊರೆತರು.

ಅದೇ ಕಾಲದಲ್ಲಿ ಬೆಳಗಾವಿ-ಧಾರವಾಡ ಪ್ರಾಂತದಲ್ಲಿ ದುಡಿದವರು ಕಡಿಮೆಯವರಲ್ಲ. ಬೈಲಹೊಂಗಲ-ಕಿತ್ತೂರು ಸೀಮೆಯ ತುರಮರಿ ಗ್ರಾಮದ ಗಂಗಾಧರ ಮಡಿವಾಳೇಶ್ವರರು (1827-1877) ಬಾಣನ ಕಾದಂಬರಿಯನ್ನು ಕನ್ನಡಕ್ಕೆ ತಂದರು. ಡೆಪ್ಯುಟಿ ಚನ್ನಬಸಪ್ಪನವರು (1834-1881) ಮರಾಠಿಯ ಪ್ರಾಬಲ್ಯದ ನಡುವೆ ಕನ್ನಡ ಶಾಲೆಗಳಿಗಾಗಿ ಶ್ರಮಿಸಿದರು. ಷೇಕ್ಸ್‌ಪಿಯರನ ನಾಟಕವೊಂದನ್ನು ಕನ್ನಡಿಸಿದರು. ಇಂಥವರು ಮಿತ್ರರಿಗೆ, ಬಂಧುಗಳಿಗೆ, ಮಠಗಳಿಗೆ ಬರೆದ ಓಲೆಗಳನ್ನು ಕೂಡಿಡುವ ಹೊಣೆ ಯಾವ ಸಂಸ್ಥೆಯ ಮೇಲೂ ಇರಲಿಲ್ಲ. ಪಡೆದವರ ಮನೆಯೇ ಅವುಗಳ ಪತ್ರಾಗಾರವಾಯಿತು.

ಅಂಥ ಮನೆಗಳು ಇಂದು ಅಳಿಯುತ್ತಿವೆ. ಅಟ್ಟದ ಮೇಲಿನ ದಫ್ತರಗಳು, ಪೆಟ್ಟಿಗೆಯೊಳಗಿನ ಕಟ್ಟುಗಳು ಮನೆ ಪಾಲಾಗುವಾಗ ಯಾರ ಪಾಲಿಗೂ ಬಾರದೆ ಹೋಗುತ್ತವೆ. ಈ ಭಾಗದ ಹಳೆಯ ಕಾಗದಪತ್ರಗಳಲ್ಲಿ ಬಹಳಷ್ಟು ಮೋಡಿ ಲಿಪಿಯಲ್ಲಿರುವುದರಿಂದ ಮನೆಯವರಿಗೇ ಅವು ಅಪರಿಚಿತ. 2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆಯ ನೆರೆ ರಾಮದುರ್ಗ ತಾಲೂಕಿನ ಊರುಗಳನ್ನು ಹೊಕ್ಕಿತು. ಧಾನ್ಯವನ್ನು ಮತ್ತೆ ಬೆಳೆಯಬಹುದು, ಗೋಡೆಯನ್ನು ಮತ್ತೆ ಕಟ್ಟಬಹುದು. ನೆನೆದು ಮುದ್ದೆಯಾದ ಕಾಗದಕ್ಕೆ ಎರಡನೆಯ ಪ್ರತಿಯಿಲ್ಲ.

ಮನೆತನದ ಗುಟ್ಟು, ಸಾಲ, ಜಗಳ, ಕಾಯಿಲೆಗಳು ಪರರ ಕಣ್ಣಿಗೆ ಬೀಳಬಾರದೆಂಬ ಸಂಕೋಚ ಹಲವರಲ್ಲುಂಟು. ಅದು ನ್ಯಾಯವಾದುದೇ. ಪತ್ರ ಬರೆದವನು ಲೋಕಕ್ಕಾಗಿ ಬರೆದಿರಲಿಲ್ಲ. ಆದರೆ ಆ ಸಂಕೋಚಕ್ಕೆ ಸುಡುವುದೊಂದೇ ಪರಿಹಾರವಲ್ಲ. ಇಂತಿಷ್ಟು ವರ್ಷ ತೆರೆಯಬಾರದೆಂಬ ಕರಾರಿನ ಮೇಲೆ ಕಟ್ಟನ್ನು ಮುದ್ರೆಯೊತ್ತಿ ಒಪ್ಪಿಸಬಹುದು. ಛಾಯಾಪ್ರತಿಯನ್ನು ಮಾತ್ರ ಕೊಟ್ಟು ಮೂಲವನ್ನು ಮನೆಯಲ್ಲಿಯೇ ಉಳಿಸಿಕೊಳ್ಳಬಹುದು. ಸ್ವೀಕರಿಸುವ ಸಂಸ್ಥೆ ಕೊಟ್ಟ ಮಾತಿಗೆ ತಪ್ಪಬಾರದು. ಈ ಕಾರ್ಯಕ್ಕೆ ಬಂಡವಾಳ ವಿಶ್ವಾಸವೇ.

ಆ ವಿಶ್ವಾಸ ಮಠಗಳಿಗೂ ಅವುಗಳ ವಿದ್ಯಾಲಯಗಳಿಗೂ ಸಹಜವಾಗಿಯೇ ದೊರೆತಿದೆ. ವಚನಗಳ ಓಲೆಕಟ್ಟುಗಳೂ ಒಂದು ಕಾಲಕ್ಕೆ ಮಠಮನೆಗಳ ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ವಸ್ತುಗಳೇ. ಫ. ಗು. ಹಳಕಟ್ಟಿಯವರು ಮನೆಮನೆಗಳಿಂದ ಅವುಗಳನ್ನು ಅರಸಿ ತಂದುದರಿಂದ 1923ರಲ್ಲಿ ‘ವಚನಶಾಸ್ತ್ರಸಾರ’ ಬೆಳಕು ಕಂಡಿತು. ಓಲೆಗೆ ಸಂದ ಆ ಗೌರವ ಕಾಗದಕ್ಕೂ ಸಲ್ಲಬೇಕು.

ವಿದ್ಯಾಲಯಕ್ಕೆ ಕೊಠಡಿ ಕಟ್ಟಿಸಿ ಹೆಸರಿನ ಕಲ್ಲು ಇರಿಸುವ ದಾನಿಗಳಿಗೆ ಈ ಸೀಮೆಯಲ್ಲಿ ಕೊರತೆಯಿಲ್ಲ. ಒಂದು ಕಬ್ಬಿಣದ ಕಪಾಟು, ಯಾರಿಂದ ಯಾವಾಗ ಏನು ಬಂದಿತೆಂದು ಬರೆದಿಡುವ ಒಂದು ವಹಿ, ಮೋಡಿ ಕಲಿಯುವ ಇಬ್ಬರು ತರುಣರಿಗೆ ವರ್ಷದ ವಿದ್ಯಾರ್ಥಿವೇತನ, ಇವುಗಳ ವೆಚ್ಚ ಒಂದು ಕೊಠಡಿಯ ವೆಚ್ಚಕ್ಕಿಂತ ಬಹು ಕಡಿಮೆ. ಅಧ್ಯಾಪಕರು ಕಿತ್ತೂರು, ಸವದತ್ತಿ, ರಾಮದುರ್ಗ, ಬೈಲಹೊಂಗಲಗಳ ಹಳೆಯ ವಿದ್ಯಾರ್ಥಿಗಳನ್ನು ಕೇಳಬೇಕಾದುದು ಇಷ್ಟೇ: ದೀಪಾವಳಿಗೆ ಮನೆಗೆ ಸುಣ್ಣ ಬಳಿಯುವಾಗ ಅಟ್ಟದಿಂದ ಇಳಿಸಿದ ಕಟ್ಟನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ಬಿಚ್ಚಿ ನೋಡಿರಿ, ಓದಲು ಬಾರದಿದ್ದರೆ ಶಾಲೆಗೆ ತನ್ನಿರಿ.