ಅಡ್ಡದಾರಿಯ ನಲವತ್ತೈದು ಸೆಕೆಂಡು

ನಮ್ಮ ಊರ ಹಿಂದಣ ಬೆಟ್ಟವು ಹೆಸರುವಾಸಿಯಾದುದಲ್ಲ. ಆದವಾನಿಯ ರಣಮಂಡಲ ಬೆಟ್ಟವನ್ನು ಕಂಡವರು ಇದನ್ನು ಬೆಟ್ಟವೆನ್ನಲೂ ಹಿಂಜರಿದಾರು. ನೆತ್ತಿಯ ಮೇಲೊಂದು ಹನುಮಪ್ಪನ ಗುಡಿ, ಸುತ್ತಲೂ ಹೆಬ್ಬಂಡೆಗಳು, ಅವುಗಳ ನಡುವೆ ಬಳಸಿಕೊಂಡು ಏರುವ ಕಾಲುದಾರಿ. ಊರ ಕಟ್ಟೆಯಿಂದ ಹೊರಟು, ಗುಡಿಯ ಕಂಬವನ್ನು ಮುಟ್ಟಿ ಮರಳುವುದಕ್ಕೆ ನನ್ನಂಥ ಐವತ್ತು ದಾಟಿದವನಿಗೆ ಮುಕ್ಕಾಲು ಗಂಟೆ ಬೇಕು. ಪೊಲೀಸ್ ಆಯ್ಕೆಯ ಓಟಕ್ಕಾಗಿ ಅಭ್ಯಾಸ ಮಾಡುತ್ತಿದ್ದ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ಇದನ್ನು 11 ನಿಮಿಷ 40 ಸೆಕೆಂಡಿನಲ್ಲಿ ಮುಗಿಸಿದ್ದನು. ಅಂದಿನಿಂದ ಆ ಅಂಕಿ ನನ್ನ ನೋಟುಪುಸ್ತಕದಲ್ಲಿದೆ. ಹತ್ತನೆಯ ತರಗತಿಯ ಹುಡುಗರ ನಿದ್ದೆಯನ್ನೂ ಕೆಡಿಸಿದೆ.

ಹೊರನಾಡುಗಳಲ್ಲಿ ಇಂಥ ಸಾಹಸಕ್ಕೆ ‘ತಿಳಿದಿರುವ ಅತಿ ಕಡಮೆ ಕಾಲ’ ಎಂಬ ಅರ್ಥದ ಹೆಸರೊಂದುಂಟು. ಪಂದ್ಯವಿಲ್ಲ, ಪಾರಿತೋಷಕವಿಲ್ಲ, ಒಂದು ಬೆಟ್ಟದಾರಿಯನ್ನು ಯಾರು ಎಷ್ಟು ಬೇಗ ಮುಗಿಸಿದರೆಂಬುದಷ್ಟೇ ಲೆಕ್ಕ. ‘ತಿಳಿದಿರುವ’ ಎಂಬ ಮಾತಿನ ವಿನಯ ನನಗೆ ಬಹಳ ಹಿಡಿಸಿತು. ತಪ್ಪಿಸಿಕೊಂಡ ಮೇಕೆಯ ಬೆನ್ನುಹತ್ತಿ ನಮ್ಮೂರ ಕುರಿಗಾಹಿಯೊಬ್ಬನು ಎಂದೋ ಇನ್ನೂ ಬೇಗ ಏರಿ ಇಳಿದಿರಬಹುದು. ಆಗ ಗಡಿಯಾರ ಹಿಡಿದು ನಿಂತವರಾರೂ ಇರಲಿಲ್ಲ.

ಇಂಗ್ಲೆಂಡಿನ ಕೆಸಿಕ್ ಎಂಬ ಊರಿನ ಬಾಬ್ ಗ್ರಹಾಂ 1932ರ ಜೂನಿನಲ್ಲಿ 42 ಶಿಖರಗಳನ್ನು 23 ಗಂಟೆ 39 ನಿಮಿಷಗಳಲ್ಲಿ ಸುತ್ತಿ ಬಂದನು. 1982ರಲ್ಲಿ ಬಿಲ್ಲಿ ಬ್ಲಾಂಡ್ ಎಂಬಾತನು ಅದನ್ನು 13 ಗಂಟೆ 53 ನಿಮಿಷಗಳಿಗೆ ಇಳಿಸಿದನು. ಆ ದಾಖಲೆ 36 ವರ್ಷ ಅಳಿಯದೆ ಉಳಿದು, 2018ರಲ್ಲಿ ಸ್ಪೇನಿನ ಕಿಲಿಯನ್ ಜೋರ್ನೆಟ್‌ನ ಓಟದಿಂದ ಮುರಿಯಿತು. ಆ ಸುತ್ತನ್ನು ಮುಗಿಸಿದವರ ಸಂಘವೊಂದು ಅಲ್ಲಿದೆ. ಅದನ್ನು ಸೇರಬೇಕಾದವನಿಗೆ ಪ್ರತಿ ಶಿಖರದಲ್ಲಿಯೂ ಸಾಕ್ಷಿಯಿರಬೇಕಂತೆ.

ಸಾಕ್ಷಿಯ ವಿಷಯದಲ್ಲಿ ನಾನೂ ಎಚ್ಚರ ವಹಿಸಿದ್ದೆನೆಂದೇ ತಿಳಿದಿದ್ದೆ. ಒಂದು ಭಾನುವಾರ ಬೆಳಗಿನ ಜಾವ ಗುಡಿಯ ಬಳಿ ಒಬ್ಬ ಹುಡುಗನನ್ನು ನಿಲ್ಲಿಸಿ, ಕಟ್ಟೆಯ ಮೇಲೆ ನಾನು ಗಡಿಯಾರ ಹಿಡಿದು ಕುಳಿತೆ. ಓಡಿದವನು ಹತ್ತನೆಯ ತರಗತಿಯವನು. ತಂದೆಯಿಲ್ಲ, ತಾಯಿ ಹತ್ತಿ ಬಿಡಿಸುವ ಕೂಲಿಗೆ ಹೋಗುತ್ತಾಳೆ. ಓದಿನಲ್ಲಿ ಹಿಂದೆ ಬಿದ್ದ ಆ ಹುಡುಗನಿಗೆ ನೋಟುಪುಸ್ತಕದಲ್ಲಿ ಮೊದಲ ಹೆಸರು ತನ್ನದಾಗಬೇಕೆಂಬ ಹಂಬಲ ಎಷ್ಟಿತ್ತೆಂಬುದನ್ನು ನಾನು ಬಲ್ಲೆ. ಕಟ್ಟೆಯನ್ನು ಮುಟ್ಟಿದಾಗ ಗಡಿಯಾರ 10 ನಿಮಿಷ 55 ಸೆಕೆಂಡು ತೋರಿಸುತ್ತಿತ್ತು. ಹುಡುಗರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು.

ಕುಣಿತ ಮುಗಿಯುವ ಮುನ್ನವೇ ಕುರಿ ಕಾಯುವ ಹುಡುಗಿಯೊಬ್ಬಳು ಅಳುತ್ತ ಬಂದಳು. ಇಳಿಯುವಾಗ ಇವನು ದಾರಿಯ ಸುತ್ತನ್ನು ಬಿಟ್ಟು ಬಂಡೆಗಳ ಸಂದಿನಿಂದ ನೇರವಾಗಿ ಜಾರಿದ್ದನು. ಕಾಲ ಕೆಳಗಿನಿಂದ ಎದ್ದ ಕಲ್ಲೊಂದು ಉರುಳಿ ಆಕೆಯ ಪಾದದಿಂದ ಗೇಣುದ್ದದಲ್ಲಿ ಹಾಯ್ದು, ಮೇಕೆಮರಿಯೊಂದರ ಕಾಲನ್ನು ಮುರಿದಿತ್ತು.

“ಜಲ್ದಿ ಮುಟ್ಟಿ ಬಾ ಅಂದ್ರಿ ಸಾರ್. ಇದೇ ದಾರೀಲಿ ಹೋಗು ಅನ್ಲಿಲ್ಲ” ಎಂದು ಅವನು ನೆಲ ನೋಡುತ್ತ ನುಡಿದನು. ಮಾತು ದಿಟವೇ ಆಗಿತ್ತು. ಮೂವತ್ತು ವರ್ಷ ಪಾಠ ಹೇಳಿದವನು ಆಟದ ನಿಯಮವನ್ನು ಹೇಳುವುದನ್ನೇ ಮರೆತಿದ್ದೆ.

ಮರುದಿನ ತರಗತಿಯಲ್ಲಿ ಅಮೆರಿಕದ ಒಂದು ವೃತ್ತಾಂತವನ್ನು ಹೇಳಿದೆ. ಅಲ್ಲಿನ ಗ್ರ್ಯಾಂಡ್ ಟೀಟನ್ ಶಿಖರದ ಎತ್ತರ 4,199 ಮೀಟರು. 2012ರಲ್ಲಿ ಆಂಡಿ ಆಂಡರ್ಸನ್ ಎಂಬಾತನು ಅದನ್ನು ಏರಿ ಇಳಿದ ಕಾಲ 2 ಗಂಟೆ 53 ನಿಮಿಷ. 2024ರ ಸೆಪ್ಟೆಂಬರಿನಲ್ಲಿ ಮಿಕೆಲಿನೋ ಸನ್‌ಸೆರಿ ಎಂಬ ಓಟಗಾರನು ಸುಮಾರು ಮೂರು ನಿಮಿಷ ಮೊದಲೇ ಮುಗಿಸಿದನು. ಆದರೆ ಇಳಿಯುವಾಗ ಮುಚ್ಚಿದ ಹಳೆಯ ಅಡ್ಡದಾರಿಯೊಂದನ್ನು ಹಿಡಿದಿದ್ದನು. ಅಡ್ಡದಾರಿ ತುಳಿದಲ್ಲಿ ಹುಲ್ಲು ಸಾಯುತ್ತದೆ, ಮಳೆನೀರು ಅದನ್ನೇ ಕಾಲುವೆ ಮಾಡಿಕೊಂಡು ಮಣ್ಣನ್ನು ಕೊಚ್ಚುತ್ತದೆ. ಆ ಕಾರಣಕ್ಕೆ ಅಲ್ಲಿ ಫಲಕ ನೆಟ್ಟಿದ್ದರು. ದಾಖಲೆ ಬರೆದಿಡುವವರು ಅವನ ಕಾಲವನ್ನು ಒಪ್ಪಲಿಲ್ಲ. 2025ರಲ್ಲಿ ನ್ಯಾಯಾಲಯ ಅವನನ್ನು ತಪ್ಪಿತಸ್ಥನೆಂದಿತು. ಅದೇ ವರ್ಷ ನವೆಂಬರಿನಲ್ಲಿ ರಾಷ್ಟ್ರಾಧ್ಯಕ್ಷರು ಕ್ಷಮಾದಾನವಿತ್ತುದು ಬೇರೆಯ ಮಾತು. ಇಷ್ಟು ಸಣ್ಣ ತಪ್ಪಿಗೆ ಕಟಕಟೆ ಹತ್ತಿಸಬೇಕಿತ್ತೇ ಎಂದು ನನಗೂ ಅನ್ನಿಸದಿರಲಿಲ್ಲ.

ಹಿಂದಿನ ಸಾಲಿನಿಂದ ಪ್ರಶ್ನೆ ಬಂತು: “ಅಲ್ಲಿ ಬೋರ್ಡು ಇತ್ತಲ್ಲ ಸಾರ್. ನಮ್ಮ ಬೆಟ್ಟಕ್ಕೆ ನೀವು ಬೋರ್ಡು ಹಾಕಿದ್ರಾ?”

ಅಂದು ಸಂಜೆ ನಾವೆಲ್ಲ ಸೇರಿ ಒಂದು ಬಕೆಟ್ ಸುಣ್ಣ ಕಲಸಿದೆವು. ಕಟ್ಟೆಯಿಂದ ಗುಡಿಯವರೆಗೆ ದಾರಿ ತಿರುಗುವ ಕಡೆಗಳಲ್ಲೆಲ್ಲ ಬಂಡೆಗೆ ಗುರುತು ಹಾಕಿದೆವು. ಅಡ್ಡದಾರಿಯ ಬಾಯಿಗೆ ಜಾಲಿಮುಳ್ಳು ಕಡಿದು ಒಟ್ಟಿದೆವು. ಮೇಕೆಮರಿಯ ಕಾಲಿಗೆ ಬಿದಿರು ದಬ್ಬೆ ಕಟ್ಟಿದವನು ಆ ಹುಡುಗನೇ. ದಿನವೂ ಶಾಲೆ ಬಿಟ್ಟೊಡನೆ ಅದನ್ನು ನೋಡಿಬರುತ್ತಿದ್ದನು. 10 ನಿಮಿಷ 55 ಸೆಕೆಂಡನ್ನು ನಾನು ಹೊಡೆದುಹಾಕಲಿಲ್ಲ. ಪಕ್ಕದಲ್ಲಿ ‘ಅಡ್ಡದಾರಿ, ದಾರಿ ಹೇಳದಿದ್ದುದು ಉಪಾಧ್ಯಾಯರ ತಪ್ಪು’ ಎಂದು ಬರೆದು ರುಜು ಹಾಕಿದೆ.

ಮೂರು ವಾರಗಳ ತರುವಾಯ ಅವನು ಸುಣ್ಣದ ಗುರುತು ತಪ್ಪದೆ ಮತ್ತೆ ಓಡಿದನು. 11 ನಿಮಿಷ 47 ಸೆಕೆಂಡು. ಗಡಿಯಾರವನ್ನು ತನ್ನ ಕಡೆ ತಿರುಗಿಸಿಕೊಂಡು ಎರಡು ಸಲ ನೋಡಿದನು. “ಇನ್ನೂ ಏಳೇ ಸೆಕೆಂಡು ಸಾರ್. ಚಳಿಗಾಲ ಬರ್ಲಿ” ಎಂದು ಹೇಳಿ ಹೋಗಿದ್ದಾನೆ.