ತೂಕಕ್ಕೆ ಬೆಲೆಯಿದೆ, ತಯಾರಕನಿಗೆ ಹೆಸರೆಲ್ಲಿ?

ಹಳೆಯ ಬೆಳ್ಳಿ ತಟ್ಟೆ, ಲೋಟಗಳನ್ನು ನಮ್ಮಲ್ಲಿ ಮಾರಲು ಒಯ್ದರೆ ವರ್ತಕರು ಮೊದಲು ಅವನ್ನು ತಕ್ಕಡಿಗೆ ಹಾಕುತ್ತಾರೆ. ಬೆರಕೆಗೆಂದು ಒಂದಿಷ್ಟು ಕಳೆದು, ಉಳಿದುದಕ್ಕೆ ಅಂದಿನ ದರ ಕಟ್ಟುತ್ತಾರೆ. ಕುಸುರಿಗೆ ಬೆಲೆಯಿಲ್ಲ, ಮಾಡಿದವರು ಯಾರೆಂಬ ಪ್ರಶ್ನೆಯೂ ಏಳುವುದಿಲ್ಲ. ಅನಂತರ ಕುಲುಮೆಯೇ ಗತಿ.

ಇಂಗ್ಲೆಂಡಿನ ಪುರಾತನ ಬೆಳ್ಳಿಯ ವ್ಯಾಪಾರದ ಪರಿ ಬೇರೆ. ಅಲ್ಲಿ ಖರೀದಿದಾರರು ಮೊದಲು ಹುಡುಕುವುದು ಪಾತ್ರೆಯ ಮೇಲಿನ ಮುದ್ರೆಗಳನ್ನು. 1300ರ ಶಾಸನವು ಸಾವಿರಕ್ಕೆ 925 ಭಾಗ ಬೆಳ್ಳಿಯಿರುವ ಸ್ಟರ್ಲಿಂಗ್ ಮಟ್ಟವನ್ನು ಕಡ್ಡಾಯಗೊಳಿಸಿ, ಚಿರತೆಯ ತಲೆಯ ಮುದ್ರೆಯನ್ನು ವಿಧಿಸಿತು. 1363ರಲ್ಲಿ ತಯಾರಕನ ಸ್ವಂತ ಗುರುತು, 1478ರಲ್ಲಿ ವರ್ಷಸೂಚಕ ಅಕ್ಷರ ಸೇರಿದವು. 1773ರಲ್ಲಿ ಬರ್ಮಿಂಗ್‌ಹ್ಯಾಮ್ ಮತ್ತು ಶೆಫೀಲ್ಡ್ ನಗರಗಳು ತಮ್ಮದೇ ಪರೀಕ್ಷಾ ಕಚೇರಿಗಳನ್ನು ಪಡೆದವು. ಅವುಗಳಿಗಾಗಿ ಸಂಸತ್ತಿಗೆ ಮೊರೆಯಿಟ್ಟವರು ಮ್ಯಾಥ್ಯೂ ಬೌಲ್ಟನ್‌ರಂತಹ ಉದ್ಯಮಿಗಳೇ ಎಂಬುದು ಗಮನಾರ್ಹ.

ಹೆಸ್ಟರ್ ಬೇಟ್‌ಮನ್ ಎಂಬ ಲಂಡನ್ನಿನ ಮಹಿಳೆ ಪತಿಯ ಮರಣಾನಂತರ 1761ರಲ್ಲಿ 'ಎಚ್‌ಬಿ' ಎಂಬ ತಮ್ಮ ಗುರುತನ್ನು ನೋಂದಾಯಿಸಿ ಕಾರ್ಯಾಗಾರವನ್ನು ಮುನ್ನಡೆಸಿದರು. ಅವರ ಚಮಚ, ಟೀಪಾಟ್‌ಗಳಲ್ಲಿ ಅನೇಕವು ತೆಳುವಾದ ಬೆಳ್ಳಿ ತಗಡಿನವು. ತಕ್ಕಡಿಯಲ್ಲಿ ತೂಗಿದರೆ ಸೋಲುವಂಥವು. ಆದರೂ ಇಂದಿಗೂ ಸಂಗ್ರಾಹಕರು ಲೋಹದ ಬೆಲೆಗಿಂತ ಹೆಚ್ಚು ತೆತ್ತು ಅವನ್ನು ಕೊಳ್ಳುತ್ತಾರೆ. ಆ ಎರಡಕ್ಷರಗಳು ಗಳಿಸಿದ ಮೌಲ್ಯವದು.

ನಮ್ಮ ದೇಶದಲ್ಲಿ ಬೆಳ್ಳಿಗೆ ಹಾಲ್‌ಮಾರ್ಕ್ ವ್ಯವಸ್ಥೆ 2005ರಲ್ಲಿ ಬಂದಿತು. 2025ರ ಸೆಪ್ಟೆಂಬರ್ 1ರಿಂದ ಆರು ಅಕ್ಷರಾಂಕಗಳ ವಿಶಿಷ್ಟ ಸಂಕೇತವೂ ಸ್ವಯಂಪ್ರೇರಿತ ನೆಲೆಯಲ್ಲಿ ಆರಂಭವಾಯಿತು. ಗ್ರಾಹಕನ ದೃಷ್ಟಿಯಿಂದ ಇದು ಸ್ವಾಗತಾರ್ಹ. ಆದರೆ ಆ ಸಂಕೇತವು ಶುದ್ಧತೆಯನ್ನೂ ನೋಂದಾಯಿತ ಆಭರಣ ವರ್ತಕನನ್ನೂ ತಿಳಿಸುತ್ತದೆಯೇ ಹೊರತು ಕುಶಲಕರ್ಮಿಯನ್ನಲ್ಲ.

ಒಂದು ಪಾತ್ರೆಗೆ ಹಲವು ಕೈಗಳು ದುಡಿದಿರುತ್ತವೆ, ಯಾರ ಹೆಸರು ಹಾಕುವುದು ಎಂದು ಕೆಲವರು ಕೇಳಬಹುದು. ಇಂಗ್ಲೆಂಡಿನಲ್ಲೂ ಗುರುತು ಕಾರ್ಯಾಗಾರದ ಒಡೆಯನದೇ ಆಗಿತ್ತು. ಅಷ್ಟಾದರೂ ಸಾಕು. ಉಕ್ಕಿನ ಒಂದು ಅಚ್ಚು, ನಿಷ್ಠೆಯಿಂದ ಬರೆದಿಡುವ ಒಂದು ದಾಖಲೆ ಪುಸ್ತಕ: ವೆಚ್ಚ ಇಷ್ಟೇ.

ದರ ಏರಿದಾಗಲೆಲ್ಲ ಹಳೆಯ ಕೆಲಸ ಕರಗಿಹೋಗುತ್ತದೆ. 1980ರ ಜನವರಿಯಲ್ಲಿ ಬೆಳ್ಳಿ ಗಗನಕ್ಕೇರಿದಾಗ ಪಾಶ್ಚಾತ್ಯ ದೇಶಗಳಲ್ಲೂ ಅಸಂಖ್ಯ ಪಾತ್ರೆಗಳು ಕುಲುಮೆ ಸೇರಿದವು. 2025ರ ಏರಿಕೆಯನ್ನು ನಾವೇ ಕಂಡಿದ್ದೇವೆ. ಇಂಥ ಸಮಯದಲ್ಲಿ ಅನಾಮಧೇಯ ಪಾತ್ರೆಯನ್ನು ಉಳಿಸಿಕೊಳ್ಳಲು ಮಾಲೀಕನಿಗೆ ಯಾವ ಕಾರಣವೂ ಇರುವುದಿಲ್ಲ.

ಆದುದರಿಂದ ಬೆಳ್ಳಿ ಉದ್ಯಮದಲ್ಲಿರುವ ಸದಸ್ಯ ಬಾಂಧವರು ನಿಯಮಗಳಿಗೆ ಒಳಪಟ್ಟು, ಪ್ರತಿಯೊಂದು ಪಾತ್ರೆಯ ಮೇಲೆ ಕಾರ್ಯಾಗಾರದ ಗುರುತನ್ನೂ ತಯಾರಿಕೆಯ ವರ್ಷವನ್ನೂ ಒತ್ತುವ ಪದ್ಧತಿಯನ್ನು ತಾವಾಗಿಯೇ ಆರಂಭಿಸಬೇಕು. ಆ ಗುರುತುಗಳ ನೋಂದಣಿ ಪುಸ್ತಕವನ್ನು ನಮ್ಮ ಸಂಸ್ಥೆ ಇರಿಸಿಕೊಳ್ಳಬೇಕು. ಇದಕ್ಕೆ ಸರ್ಕಾರದ ಆದೇಶವನ್ನು ಕಾಯಬೇಕಾಗಿಲ್ಲ.